ಹಿರಿಯಾಕಿಯ ಪುತಳಿ

ಇಜೇರಿಯ ನಿಂಬೆವ್ವ ಮದುವೆಯಾಗಿ ಬಂದಂದಿನಿಂದ ಒಬ್ಬಳೇ ಉಂಡವಳಲ್ಲ. ಗಂಗಾಳಕ್ಕೆ ರೊಟ್ಟಿ ಬಿದ್ದೊಡನೆ ಮೊದಲ ತುಣುಕನ್ನು ಮುರಿದು, ಪಲ್ಯದಲ್ಲಿ ಅದ್ದಿ ಅಂಚಿಗಿಡುವಳು. ಕೊರಳಲ್ಲಿದ್ದ ಬಂಗಾರದ ನಾಣ್ಯವನ್ನು ಎರಡು ಬೆರಳಿನಿಂದ ಮುಟ್ಟಿ, "ಉಣ್ಣಕ್ಕಾ" ಎನ್ನುವಳು. ಆಮೇಲೆಯೇ ತನ್ನ ತುತ್ತು. ಹೊಲದಲ್ಲಿ ಬುತ್ತಿ ಬಿಚ್ಚಿದರೂ ಹಾಗೆಯೇ, ಬೀಗರ ಮನೆಯ ಪಂಕ್ತಿಯಲ್ಲಿ ಕುಳಿತರೂ ಹಾಗೆಯೇ. ನೋಡಿ ನೋಡಿ ಊರಿನವರಿಗೆ ಅದು ವಿಶೇಷವೆನ್ನಿಸದಷ್ಟು ರೂಢಿಯಾಗಿತ್ತು.

ಆ ಅಕ್ಕನ ಹೆಸರು ಶಿವಕಾಂತಾ. ನಿಂಬೆವ್ವನ ಗಂಡ ರೇವಣಪ್ಪನ ಮೊದಲ ಹೆಂಡತಿ. ಮಗಳು ಭಾಗ್ಯಾ ಮೂರು ವರ್ಷದವಳಿದ್ದಾಗ ಜ್ವರದಲ್ಲಿ ತೀರಿಕೊಂಡಳು. ಮುಂದಿನ ವರ್ಷ ಹತ್ತೊಂಬತ್ತರ ನಿಂಬೆವ್ವ ಆ ಮನೆಗೆ ಬಂದಳು. ರೇವಣಪ್ಪನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೆಂಡತಿ ಸತ್ತವನು ಮತ್ತೊಬ್ಬಳನ್ನು ತಂದರೆ, ಸತ್ತವಳು ಮೈಮೇಲೆ ಹಾಕಿಕೊಂಡಿದ್ದ ಬಂಗಾರದಲ್ಲಿ ಒಂದು ಚೂರನ್ನಾದರೂ ಹೊಸಬಳ ಕೊರಳಿಗೆ ಕಟ್ಟಬೇಕು. ಅದರಲ್ಲಿ ಹಿರಿಯಾಕಿ ಇರುತ್ತಾಳೆ. ಅವಳಿಗೆ ಮೊದಲು ಉಣಿಸಿದರೆ ಕಿರಿಯಾಕಿಯ ತಂಟೆಗೆ ಬರುವುದಿಲ್ಲವೆಂದು ನಂಬಿಕೆ. ಶಿವಕಾಂತಾಳಿಗೆ ತವರಿನವರು ಮಾಡಿಸಿಕೊಟ್ಟ ಪುತಳಿ ಸರವೊಂದಿತ್ತು. ಪುತಳಿಯೆಂದರೆ ಮನುಷ್ಯರ ಚಿತ್ರವಿರುವ ಬಂಗಾರದ ನಾಣ್ಯ; ಅಂಥವನ್ನು ಸಾಲಾಗಿ ಪೋಣಿಸಿದರೆ ಪುತಳಿ ಸರ. ಆ ಸರದಿಂದ ಒಂದು ಪುತಳಿ ಬಿಡಿಸಿ ತಂದಿದ್ದೇನೆಂದು ಹೇಳಿ ರೇವಣಪ್ಪ ಮದುವೆಯ ಹಂದರದಲ್ಲಿಯೇ ಅದನ್ನು ಕಟ್ಟಿದ. ತಾಳಿಗಿಂತ ಮೊದಲು ನಿಂಬೆವ್ವನ ಎದೆಗೆ ತಾಗಿದ್ದು ಆ ನಾಣ್ಯ. ಚೈತ್ರದ ಬಿಸಿಲಿನಲ್ಲಿಯೂ ಅದು ಬಾವಿಯ ನೀರಿನಂತೆ ತಣ್ಣಗಿತ್ತೆಂದು ಅವಳು ಮುಪ್ಪಿನಲ್ಲಿಯೂ ಹೇಳುತ್ತಿದ್ದಳು.

ನಾಣ್ಯದ ಮೇಲೆ ಎರಡು ಆಕೃತಿಗಳಿದ್ದವು. ಒಂದು ನಿಂತದ್ದು, ಒಂದು ಮೊಣಕಾಲೂರಿದ್ದು. ಇಬ್ಬರ ನಡುವೆ ಒಂದು ಉದ್ದನೆಯ ಕೋಲು. ಅದನ್ನು ಇಬ್ಬರೂ ಹಿಡಿದಿದ್ದರು. ಅದು ಒನಕೆಯೆಂದು ನಿಂಬೆವ್ವ ಮೊದಲ ದಿನವೇ ಗುರುತಿಸಿದಳು. ನಿಂತವಳು ಹಿರಿಯಾಕಿ, ಮನೆಯ ಒನಕೆಯನ್ನು ಕಿರಿಯಾಕಿಯ ಕೈಗೆ ಕೊಡುತ್ತಿದ್ದಾಳೆ, ಆದರೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಹಿಂಬದಿಯಲ್ಲಿ ಉದ್ದುಂಡಾದ ಗೆರೆಯೊಳಗೆ ಒಬ್ಬರೇ ನಿಂತಿದ್ದರು, ಸುತ್ತಲೂ ಚಿಕ್ಕೆಗಳು. ಅದು ಸತ್ತ ಮೇಲಿನ ಶಿವಕಾಂತಾ. ಮನೆಯ ಹೆಂಗಸರೂ ಹೌದೆಂದರು. ಯಾರಿಗೂ ಬೇರೆ ಅರ್ಥ ತೋಚಲಿಲ್ಲ.

ಭಾಗ್ಯಾಳಿಗೆ ಅವಳ ಅಜ್ಜಿ ಹೇಳಿದ್ದು ಇಷ್ಟೇ: ನಿಮ್ಮವ್ವ ಎಲ್ಲಿಗೂ ಹೋಗಿಲ್ಲ, ಚಿಗವ್ವನ ಕೊರಳಾಗ ಅದಾಳ. ಹುಡುಗಿ ಅದನ್ನು ಅಕ್ಷರಶಃ ನಂಬಿತು. ನಿಂಬೆವ್ವ ಮಲಗಿದಾಗ ಪಕ್ಕಕ್ಕೆ ಬಂದು ಪುತಳಿಯನ್ನು ಮುಷ್ಟಿಯಲ್ಲಿ ಹಿಡಿದು ಪಿಸುಮಾತಿನಲ್ಲಿ ಚಾಡಿ ಹೇಳುತ್ತಿತ್ತು. ಚಿಗವ್ವ ಇವತ್ತು ಬೆಲ್ಲ ಕೊಡಲಿಲ್ಲ, ಚಿಗವ್ವ ತಲೆ ಬಾಚುವಾಗ ಜಗ್ಗಿದಳು. ನಿಂಬೆವ್ವ ಕಣ್ಣು ಮುಚ್ಚಿಕೊಂಡೇ ತನ್ನ ಮೇಲಿನ ದೂರನ್ನೆಲ್ಲ ತನ್ನ ಎದೆಯ ಮೇಲೆಯೇ ಕೇಳಿಸಿಕೊಳ್ಳುತ್ತ ಬಿದ್ದಿರುತ್ತಿದ್ದಳು.

ಒಮ್ಮೆ ಮಾತ್ರ ಅವಳು ಹುಡುಗಿಯ ಮೇಲೆ ಕೈಯೆತ್ತಿದಳು. ಹಾಲಿನ ಪಾತ್ರೆ ಉರುಳಿಸಿದ್ದಕ್ಕೆ ಬೆನ್ನಿಗೊಂದು ಏಟು. ಹೊಡೆಯಲು ಬಾಗಿದ ರಭಸಕ್ಕೆ ಪುತಳಿ ಚಿಮ್ಮಿ ಅವಳ ಮುಂದಿನ ಹಲ್ಲಿಗೆ ಬಡಿಯಿತು. ಹಲ್ಲಿನ ತುದಿ ಮುರಿಯಿತು. ಬಾಯೊಳಗೆ ರಕ್ತದ ರುಚಿ ಬಂದೊಡನೆ ನಿಂಬೆವ್ವ ಅಲ್ಲಿಯೇ ಕುಸಿದು ಕುಳಿತು, "ತಪ್ಪಾತಕ್ಕಾ" ಎಂದಳು. ಆಮೇಲೆ ಎಂದೂ ಆ ಹುಡುಗಿಗೆ ಹೊಡೆಯಲಿಲ್ಲ. ತನಗೆ ಮಕ್ಕಳಾಗದಿದ್ದುದನ್ನೂ ಅದೇ ಲೆಕ್ಕಕ್ಕೆ ಹಾಕಿದಳು. ಹಿರಿಯಾಕಿ ಒನಕೆಯನ್ನು ಪೂರ್ತಿ ಬಿಟ್ಟಿಲ್ಲವಲ್ಲ.

ಒಂಬತ್ತು ವರ್ಷದ ಹಿಂದೆ ರೇವಣಪ್ಪ ತೀರಿಕೊಂಡ. ಹೆಂಗಸರು ಸೇರಿ ನಿಂಬೆವ್ವನ ತಾಳಿ ತೆಗೆದರು, ಬಳೆ ಒಡೆದರು. ಪುತಳಿಯ ಹತ್ತಿರ ಬಂದ ಕೈಗಳು ಮಾತ್ರ ನಿಂತುಬಿಟ್ಟವು. ಅದನ್ನು ತೆಗೆಯಬೇಕೋ ಬೇಡವೋ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಹಾಗೆಯೇ ಬಿಟ್ಟರು. ಗಂಡ ಹೋದ, ಸವತಿ ಉಳಿದಳು.

ಈಗ ಅವಳಿಗೆ ಅರವತ್ತಮೂರು. ಹಬ್ಬದ ಮುಂದೆ ಗೋಡೆ ಸಾರಿಸುವಾಗ ಒಮ್ಮೆ ಎದೆ ಹಿಡಿದುಕೊಂಡಿತು. ಸಾವಿನ ಅಂಜಿಕೆ ಅವಳಿಗಿರಲಿಲ್ಲ. ತಾನು ಸತ್ತರೆ ಶಿವಕಾಂತಾಳಿಗೆ ಉಣಿಸುವವರು ಯಾರೆಂಬುದೇ ಅವಳನ್ನು ತಿನ್ನತೊಡಗಿತು. ಭಾಗ್ಯಾಳನ್ನು ಭೀಮಾ ಹೊಳೆಯಾಚೆ ಅಫಜಲಪುರ ಸೀಮೆಯ ಹವಳಗಾಕ್ಕೆ ಕೊಟ್ಟಿತ್ತು. ಅವಳ ಮಗಳು ರಾಧಿಕಾಳ ಲಗ್ನ ಗೊತ್ತಾಗಿತ್ತು. ಭಾಗ್ಯಾ ಲಗ್ನದ ಕರೆ ಹೇಳಲು ಇಜೇರಿಗೆ ಬಂದಾಗ ತಾಯಿಯ ಪುತಳಿ ಸರವನ್ನೂ ತಂದಿದ್ದಳು. ತವರು ಮನೆಯ ಬಂಗಾರದ ಕೆಲಸ ಮಾಡುವ ಹಳೆಯ ಪತ್ತಾರನ ಕೈಯಲ್ಲಿ ತೊಳೆಸಿ ರಾಧಿಕಾಳಿಗೆ ಹಾಕಬೇಕೆಂದು. ನಿಂಬೆವ್ವ, ನಾನೇ ಜೇವರ್ಗಿಗೆ ಹೋಗಿ ತೊಳೆಸಿ ತರುತ್ತೇನೆಂದು ಸರವನ್ನು ಇಸಿದುಕೊಂಡಳು. ತನ್ನ ಕೊರಳಿನ ಪುತಳಿಯನ್ನು ಅದರ ಹಳೆಯ ಜಾಗಕ್ಕೆ ಕೂಡಿಸಿಬಿಡಬೇಕು, ತಾಯಿಯನ್ನು ಮಗಳಿಗೆ ಪೂರ್ತಿಯಾಗಿ ಒಪ್ಪಿಸಿಬಿಡಬೇಕು, ಉಳಿದ ನಾಲ್ಕು ದಿನ ತಾನೊಬ್ಬಳೇ ಉಣ್ಣಬೇಕು ಎಂಬುದು ಅವಳ ಮನಸ್ಸಿನಲ್ಲಿತ್ತು. ಭಾಗ್ಯಾಳಿಗೆ ಹೇಳಲಿಲ್ಲ.

ದೇವೀಂದ್ರಪ್ಪ ಪತ್ತಾರನ ಅಂಗಡಿ ಜೇವರ್ಗಿ ಬಜಾರಿನ ಒಂದು ಸಂದಿಯಲ್ಲಿತ್ತು. ಎಪ್ಪತ್ತು ದಾಟಿದ ಅವನು ತನ್ನ ತಂದೆ ಕುಳಿತ ಗಾದಿಯ ಮೇಲೆಯೇ ಕುಳಿತು ದುಡಿಯುತ್ತಿದ್ದ. ನಿಂಬೆವ್ವ ಸರವನ್ನು ಮುಂದಿಟ್ಟು ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ಅವನು ಸರ ನೋಡಿ, ಇದು ನಮ್ಮಪ್ಪನ ಕೈಗೆಲಸ ಎಂದು ಹಿಗ್ಗಿದ. ಕೊರಳಿನದನ್ನು ತೆಗೆದು ಕೊಡಬೇಕೆಂದ.

ನಲವತ್ತನಾಲ್ಕು ವರ್ಷದಲ್ಲಿ ಅದು ಅವಳ ಮೈ ಬಿಟ್ಟಿರಲಿಲ್ಲ. ದಾರ ಹಳತಾದಾಗ ಸಹ ನಾಣ್ಯವನ್ನು ಎದೆಗೆ ಒತ್ತಿ ಹಿಡಿದೇ ಹೊಸ ದಾರ ಹಾಕಿಕೊಳ್ಳುತ್ತಿದ್ದಳು.

"ಹಿಂಗ ಕೊರಳಾಗ ಇದ್ದಂಗನ ಕೂಡ್ಸಾಕ ಆಗಂಗಿಲ್ಲೇನು, ಪತ್ತಾರಣ್ಣ?" ಎಂದು ಕೇಳಿದಳು.

"ಹಂಗಾರ ನಿಮ್ಮನ್ನೂ ಸರದಾಗ ಪೋಣಸಬೇಕಾಕ್ಕೈತಿ, ಯಕ್ಕಾ" ಎಂದು ಅವನು ನಕ್ಕ. ಅವಳು ನಗದಿದ್ದುದನ್ನು ಕಂಡು ಮೆತ್ತಗೆ ಹೇಳಿದ: "ಯಾವ ಬಂಗಾರ ಅಂತ ತಿಳೀಲಾರದ ನಾ ಬೆಂಕಿಗೆ ಹಿಡಿಯಾಂವ ಅಲ್ಲ. ಒಂದೊಂದು ಬಂಗಾರ ಒಂದೊಂದು ಉರಿಗೆ ಕರಗತೈತಿ. ಸುಮ್ಮ ಬೆಸಿಗಿ ಹಾಕಿದ್ನೆಂದ್ರ ನಿಮ್ಮ ಹಿರಿಯಾಕಿ ಮಾರಿ ಅಳಿಸಿ ಹೋದೀತು."

ಅವಳು ಬೆನ್ನು ತಿರುಗಿಸಿ, ಸೆರಗಿನ ಮರೆಯಲ್ಲಿ ಗಂಟು ಬಿಚ್ಚಿ ಪುತಳಿಯನ್ನು ಅವನ ಅಂಗೈಗಿಟ್ಟಳು. ಎದೆಯ ಮೇಲೆ ಅದಿದ್ದ ಜಾಗದಲ್ಲಿ ಒಂದು ಬಿಳಿಯ ಕಲೆ ಉಳಿದಿತ್ತು. ಅಲ್ಲಿಗೆ ಗಾಳಿ ತಾಗಿದಂತಾಗಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಪತ್ತಾರ ಮೊದಲು ಸರದ ಒಂದು ಪುತಳಿಯ ಅಂಚನ್ನು ಒರೆಗಲ್ಲಿಗೆ ಹಗುರಾಗಿ ತಿಕ್ಕಿದ. ಕರಿಯ ಕಲ್ಲಿನ ಮೇಲೆ ಹಳದಿ ಗೆರೆ ಮೂಡಿತು. ಪಕ್ಕದಲ್ಲಿ ಕೊರಳಿನ ಪುತಳಿಯದೊಂದು ಗೆರೆ ಎಳೆದ. ಎರಡಕ್ಕೂ ತೇಜಾಬಿನ, ಅಂದರೆ ಆಮ್ಲದ, ಹನಿ ಬಿಟ್ಟು ಕಾದ. ಮೊದಲನೆಯ ಗೆರೆ ತುಸು ಮಂಕಾಗಿ ತಾಮ್ರದ ಕೆಂಪನ್ನು ತೋರಿಸಿತು. ಎರಡನೆಯದು ಇದ್ದ ಹಾಗೆಯೇ ಇತ್ತು, ಆಗ ತಾನೇ ಹಚ್ಚಿದ ಅರಿಶಿನದಂತೆ. ಅವನ ಹುಬ್ಬು ಗಂಟಿಕ್ಕಿತು. ತಕ್ಕಡಿಗೆ ಹಾಕಿದ. ಸರದ ಪುತಳಿಗಳು ತೆಳ್ಳನೆಯ ತಗಡು. ಎಂಥದಾದರೂ ಎರಡು ಗ್ರಾಮಿನ ಒಳಗೆ. ಇದೊಂದು ಮೂರೂವರೆ ಗ್ರಾಮಿಗೂ ಒಂದಿಷ್ಟು ಹೆಚ್ಚು ತೂಗಿತು. ಅವನು ಎದುರಿನ ಚಹಾದಂಗಡಿಯತ್ತ ಕೂಗಿ ಸತೀಶಕುಮಾರನನ್ನು ಕರೆದ.

ಸತೀಶಕುಮಾರ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಹಳೆಯ ನಾಣ್ಯಗಳ ಹುಚ್ಚು. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಪತ್ತಾರನಿಗೆ ಅವನ ಸ್ನೇಹವೂ ಬೇಕು, ಕೆಣಕುವುದೂ ಬೇಕು. ನೀವು ಪುಸ್ತಕದಾಗ ನೋಡಿದ್ದನ್ನ ನಾ ಬೆಂಕ್ಯಾಗ ನೋಡೇನಿ ಎಂದು ಛೇಡಿಸುತ್ತಲೇ ಪುತಳಿಯನ್ನು ಅವನ ಕೈಗಿತ್ತ. ಸತೀಶಕುಮಾರ ಬಾಗಿಲ ಬೆಳಕಿಗೆ ಹೋಗಿ ಬಹಳ ಹೊತ್ತು ನೋಡಿದ. ಎರಕ ಹೊಯ್ದ ನಕಲಿಯಾಗಿದ್ದರೆ ಮೈಮೇಲೆ ಸೂಜಿಮೊನೆಯಷ್ಟು ಗಾಳಿಗುಳಿಗಳಿರುತ್ತವೆ, ಅಂಚಿಗೆ ಅರದಿಂದ ಉಜ್ಜಿದ ಗುರುತಿರುತ್ತದೆ. ಇಲ್ಲಿ ಎರಡೂ ಇಲ್ಲ, ಅಚ್ಚಿನ ಕೆಳಗೆ ಬಡಿದು ಮಾಡಿದ್ದು ಎಂದು ವಿವರಿಸಿದ. ಸರದ ಪುತಳಿಗಳ ಅಂಚಿನಲ್ಲಿರುವುದು ಅಕ್ಷರದಂತೆ ಕಾಣುವ ಗೀರುಗಳು ಮಾತ್ರ. ಇದರಲ್ಲಿ ಓದಲು ಬರುವ ಅಕ್ಷರಗಳಿದ್ದವು. ಇಟಲಿ ದೇಶದ ವೆನಿಸ್ ಎಂಬ ಊರಿನಲ್ಲಿ ಮುನ್ನೂರು ವರ್ಷದ ಹಿಂದೆ ಮಾಡಿದ ನಾಣ್ಯ. ಹಡಗಿನಲ್ಲಿ ಬಂದು, ವ್ಯಾಪಾರಿಗಳ ಕೈಯಿಂದ ಕೈಗೆ ಸಾಗಿ ನಮ್ಮ ಸೀಮೆಗೆ ಮುಟ್ಟಿದ್ದು. ಅದನ್ನು ನೋಡಿಯೇ ಇಲ್ಲಿಯ ಪತ್ತಾರರು ಪುತಳಿ ಮಾಡಲು ಕಲಿತದ್ದು ಎಂದ. ಇಂಥ ಅಸಲು ನಾಣ್ಯವನ್ನು ಈ ಭಾಗದಲ್ಲಿ ತಾನು ಕೈಯಲ್ಲಿ ಹಿಡಿದದ್ದು ಇದೇ ಮೊದಲೆಂದು ಹೇಳಿ ಅದನ್ನು ಮತ್ತೆ ಬೆಳಕಿಗೆ ಹಿಡಿದ.

ನಿಂಬೆವ್ವ ಕೇಳಿದ್ದು ಒಂದೇ ಮಾತು. "ಈ ಇಬ್ರು ಯಾರ್ರಿ, ಸರ?"

"ನಿಂತಾಂವ ಅವರ ಧರ್ಮದ ಒಬ್ಬ ಸಂತ, ಯವ್ವಾ. ಮೊಣಕಾಲೂರಿದಾಂವ ಆ ಊರಿನ ದೊರಿ, ಅಂವನ ಹೆಸರು ಅಂಚಿನ್ಯಾಗ ಬರದೈತಿ. ನಡುವ ಇರೂದು ನಿಶಾನಿ ಕೋಲು, ಬಾವುಟದ್ದು. ಹಿಂದ ಚಿಕ್ಕಿ ನಡುವ ನಿಂತಾಂವ ಅವರ ಏಸು."

"ಹೆಂಗಸ್ರಲ್ಲೇನ್ರಿ?"

"ಇಬ್ರಿಗೂ ಗಡ್ಡ ಅದಾವ ನೋಡ್ರಿ."

ಅವನು ಕೊಟ್ಟ ಭೂತಗನ್ನಡಿಯಲ್ಲಿ ಅವಳು ನೋಡಿದಳು. ಗಡ್ಡಗಳಿದ್ದವು. ಅವಳಿಗೆ ನಗೆ ಬಂದಂತಾಯಿತು. ಆದರೇನು, ಚಿತ್ರ ಯಾರದಿದ್ದರೂ ತೊಟ್ಟವಳು ಶಿವಕಾಂತಾ ಅಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಪತ್ತಾರ ಸರವನ್ನು ಮತ್ತೆ ಕೈಗೆತ್ತಿಕೊಂಡಿದ್ದ. ಒಂದೊಂದೇ ಪುತಳಿಯ ಕೊಂಡಿಯನ್ನು ತಿರುಗಿಸಿ ನೋಡುತ್ತ ಕೊನೆಯವರೆಗೆ ಹೋದ. ಮತ್ತೆ ಮೊದಲಿನಿಂದ ನೋಡಿದ. ಎಲ್ಲ ಕೊಂಡಿಗಳಿಗೂ ಒಂದೇ ಕಾಲದ ಬೆಸುಗೆ. ಎಲ್ಲಿಯೂ ಕತ್ತರಿಸಿದ, ಮತ್ತೆ ಕೂಡಿಸಿದ ಗುರುತಿಲ್ಲ. ಒಂದು ಪುತಳಿಯ ಜಾಗವೂ ಖಾಲಿಯಿಲ್ಲ.

ಸತೀಶಕುಮಾರನೇ ಇನ್ನೊಂದನ್ನು ತೋರಿಸಿದ. ಕೊರಳಿನ ಪುತಳಿಯ ನೆತ್ತಿಯ ಹತ್ತಿರ ಜೋಳದ ಕಾಳಿಗಿಂತ ಸಣ್ಣದೊಂದು ತೂತನ್ನು ಬಂಗಾರದಿಂದಲೇ ತುಂಬಿ ಮುಚ್ಚಿತ್ತು. ಅಂದರೆ, ಕೊಂಡಿ ಹಾಕುವ ಮೊದಲು ಯಾರೋ ಅದನ್ನು ತೂತು ಕೊರೆದು ದಾರದಲ್ಲಿ ಕಟ್ಟಿಕೊಂಡಿದ್ದರು. ಸರದಲ್ಲಿ ಅಂಥ ತೂತು ಒಂದಕ್ಕೂ ಇರಲಿಲ್ಲ.

ಪತ್ತಾರ ಆ ಮುಚ್ಚಿದ ತೂತನ್ನೂ ಮೇಲಿನ ಕೊಂಡಿಯನ್ನೂ ಹೆಬ್ಬೆರಳಿನಿಂದ ಸವರಿದ.

"ಇದೂ ನಮ್ಮಪ್ಪನ ಕೈಗೆಲಸನ, ಯಕ್ಕಾ" ಎಂದ. "ಈಗ ನೆನಪಾಗಾಕತ್ತೈತಿ. ರೇವಣಪ್ಪಣ್ಣ ಆ ಸರ ತಗೊಂಡ ಬಂದು ಇಲ್ಲೇ, ನೀವು ಕುಂತಲ್ಲೇ ಕುಂತಿದ್ದ. ಅಪ್ಪ ಕತ್ತರಿ ಹಿಡದ ಕೂಡ್ಲೆ ಕೈ ಅಡ್ಡ ಹಾಕಿದ. ಸತ್ತಾಕಿ ಮಗಳಿಗಿ ಇದೊಂದ ಉಳದೈತಿ, ತುಂಡ ಮಾಡಬ್ಯಾಡ್ರಿ ಅಂದ. ಮನಿ ಹಿರ್ಯಾರಿಗಿ ಮಾತ್ರ ಗೊತ್ತಾಗಬಾರ್ದು ಅಂದ."

ಪತ್ತಾರನ ತಂದೆ ಹಳೆಯ ಬಂಗಾರ ಕೊಂಡು ಕರಗಿಸುತ್ತಿದ್ದರು. ಹೊಳೆಯಾಚೆ ಅಫಜಲಪುರ, ಆಳಂದ ಕಡೆಯಿಂದಲೂ ಜನ ತರುತ್ತಿದ್ದರು. ಆ ದಿನ ಕರಗಿಸಲೆಂದು ಇಟ್ಟಿದ್ದ ಗಂಟಿನೊಳಗಿಂದ ಒಂದು ಪುತಳಿ ತೆಗೆದು, ತೂತು ಮುಚ್ಚಿ, ಕೊಂಡಿ ಹಾಕಿ ರೇವಣಪ್ಪನಿಗೆ ಕೊಟ್ಟರು. ಅದು ಯಾರ ಕೊರಳಿನದು, ಬದುಕಿದ್ದವಳದೋ ಸತ್ತವಳದೋ, ಯಾರೂ ಕೇಳಲಿಲ್ಲ. ಪತ್ತಾರ ಇದನ್ನು ಹೇಳಿ ಮುಗಿಸಿ ಕೈ ಮುಗಿದ.

ನಿಂಬೆವ್ವ ಸತೀಶಕುಮಾರನ ಕಡೆಗೆ ತಿರುಗಿದಳು. "ದೊರಿ ಹೆಸರು ಬರದೈತಿ ಅಂದ್ರಿ. ಹಾಕ್ಕೊಂಡಾಕಿ ಹೆಸರು ಎಲ್ಲೆರ ಬರದಾರೇನ್ರಿ?"

ಇಲ್ಲವೆಂದು ಅವನು ತಲೆ ಅಲ್ಲಾಡಿಸಿದ.

ಇಜೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಳು. ಹೊರಗೆ ತೊಗರಿ ಹೂವಿಗೆ ಬಂದಿತ್ತು. ಸರ ಚೀಲದಲ್ಲಿತ್ತು, ಪುತಳಿ ಮುಷ್ಟಿಯಲ್ಲಿ. ನಾಲಿಗೆ ತಾನಾಗಿಯೇ ಮುರಿದ ಹಲ್ಲಿನ ಮೇಲೆ ಓಡಾಡುತ್ತಿತ್ತು. ಶಿವಕಾಂತಾ ಅಲ್ಲವೆಂದ ಮೇಲೆ ಅಂದು ತನ್ನನ್ನು ಹೊಡೆದವಳು ಯಾರು? ಯಾರ ಮಗಳೆಂದು ಭಾಗ್ಯಾಳ ಪರವಾಗಿ ಅವಳು ಕೈಯೆತ್ತಿದಳು? ದಿನಕ್ಕೆರಡು ಹೊತ್ತು ಅಕ್ಕಾ ಎಂದು ಕರೆದಾಗ, ತನ್ನದಲ್ಲದ ಹೆಸರಿಗೆ ಓಗೊಟ್ಟು, ತನ್ನದಲ್ಲದ ಮನೆಯ ರೊಟ್ಟಿ ಉಂಡು ಸುಮ್ಮನಿದ್ದವಳು ಯಾರು? ಇನ್ನು ಶಿವಕಾಂತಾ? ಅವಳು ಅಷ್ಟು ವರ್ಷ ಹಸಿದುಕೊಂಡು ಹೊಸ್ತಿಲ ಹೊರಗೆ ನಿಂತು, ಒಳಗೆ ಬೇರೆಯವಳಿಗೆ ಎಡೆಯಿಡುವುದನ್ನು ನೋಡುತ್ತಿದ್ದಳೇ? ಮುಷ್ಟಿಯೊಳಗಿನ ನಾಣ್ಯ ಬಿಸಿಯಾಗಿತ್ತು. ತನ್ನ ಕೈಯ ಬಿಸಿಯೆಂದು ಗೊತ್ತಿದ್ದರೂ ಅವಳು ಮುಷ್ಟಿ ಬಿಚ್ಚಲಿಲ್ಲ.

ಮುಚ್ಚಿಡಬಹುದಾಗಿತ್ತು. ಆದರೆ ಗಂಡ ಮುಚ್ಚಿಟ್ಟದ್ದು ಏನು ಮಾಡಿತೆಂದು ಈಗ ತಾನೇ ಕಂಡಿದ್ದಳು. ಮನೆಗೆ ಬಂದವಳೇ ಕಾಲು ತೊಳೆಯುವ ಮೊದಲೇ ಭಾಗ್ಯಾಳನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದಳು.

ಭಾಗ್ಯಾ ಪುತಳಿಯತ್ತ ಕೈ ಚಾಚಿ ಹಿಂದಕ್ಕೆಳೆದುಕೊಂಡಳು. ನಲವತ್ತೆಂಟು ವರ್ಷದ ಹೆಂಗಸು, ಎರಡು ಮಕ್ಕಳ ತಾಯಿ; ಆಗ ಮಾತ್ರ ನಾಲ್ಕು ವರ್ಷದವಳಂತೆ ಕಂಡಳು.

"ಹಂಗಾರ ನಾ ಯಾರ ಮುಂದ ಹೇಳ್ಕೊಂಡ್ನಿ, ಚಿಗವ್ವ?" ಎಂದಳು.

ನಿಂಬೆವ್ವ ಸರವನ್ನು ಎತ್ತಿ ಅವಳ ಮಡಿಲಲ್ಲಿಟ್ಟಳು. ನಿಮ್ಮವ್ವ ಇದರಲ್ಲಿದ್ದಾಳೆ, ಇಡಿಯಾಗಿ ಇದ್ದಾಳೆ. ನಿನಗೋಸ್ಕರ ನಿಮ್ಮಪ್ಪ ಒಂದು ತುಣುಕನ್ನೂ ಕಡಿಯಗೊಡಲಿಲ್ಲ ಎಂದಳು. ಭಾಗ್ಯಾ ಸರವನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಆ ಅಳುವಿನಲ್ಲಿ ತಾಯಿಗೆಷ್ಟು, ತಂದೆಗೆಷ್ಟು ಎಂದು ಹೇಳುವುದು ಕಷ್ಟ. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಗೃಹಿಣಿಯ ಬುದ್ಧಿ ಮರಳಿ ಬಂದವಳಂತೆ, ಇನ್ನು ಮೇಲೆ ಅವ್ವನಿಗೆ ಹವಳಗಾದಲ್ಲಿ ತಾನೇ ಎಡೆಯಿಡುವುದಾಗಿ ಹೇಳಿದಳು.

"ನಿನಗ ಬಿಡುಗಡಿ ಆತು ಬಿಡು. ಆ ಪುತಳಿ ಕಾಲೇಜಿನ ಸರರಿಗಿ ಕೊಟ್ಟಬಿಡು, ಪೆಟ್ಟಿಗ್ಯಾಗ ಇಟ್ಟು ಕಾಯ್ತಾರ. ಯಾರದೋ ಏನೋ. ಇನ್ನೂ ಯಾಕ ಹೊರತಿ?"

ಇದನ್ನು ಕೇಳಲೆಂದೇ ನಿಂಬೆವ್ವ ಬೆಳಿಗ್ಗೆ ಜೇವರ್ಗಿಯ ಬಸ್ಸು ಹತ್ತಿದ್ದಳು. ಈಗ ಆ ಮಾತು ಮುಂದೆ ಬಂದು ಕುಳಿತಾಗ ಅವಳ ಕೈ ತಂತಾನೆ ದಾರವನ್ನು ಹುಡುಕಿ ಪುತಳಿಗೆ ಪೋಣಿಸುತ್ತಿತ್ತು.

"ನಿಮ್ಮವ್ವಗ ನೀ ಅದಿ, ನಾಳೆ ರಾಧಿಕಾ ಅದಾಳ. ಈಕಿಗಿ ಯಾರದಾರ ಬೇ?" ಎಂದಳು. "ನಾ ತಪ್ಪ ಹೆಸರಲೇ ಕರದ್ನಿ, ಆಕಿ ಬಂದ್ಳು. ಈಗ ಹೋಗಂದ್ರ ಎಲ್ಲಿಗಿ ಹೋಗ್ತಾಳ?"

ಭಾಗ್ಯಾ ಎದ್ದು ಬಂದು ಹಿಂದಿನಿಂದ ದಾರದ ಗಂಟು ಹಾಕಿಕೊಟ್ಟಳು.

ಶ್ರೀಮಂತರ ಮನೆಯ ಲಗ್ನವೇನೂ ಅಲ್ಲದಿದ್ದರೂ ರಾಧಿಕಾಳ ಲಗ್ನಕ್ಕೆ ಹವಳಗಾದಲ್ಲಿ ಜನ ಬಹಳ ಸೇರಿದ್ದರು. ಅಫಜಲಪುರ ಸೀಮೆಯ ಬಂಧುಗಳು, ಆಳಂದ ಕಡೆಯ ಹೊಸ ಬೀಗರು, ಅವರ ಹಿಂದೆ ಬಂದ ಮುದುಕಿಯರು. ಅಕ್ಷತೆ ಬಿದ್ದು ಊಟ ಮುಗಿದ ಮೇಲೆ ನಿಂಬೆವ್ವ ಹಂದರದ ನೆರಳಿನಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಮುದುಕಿಯರ ಬಳಿ ಒಬ್ಬೊಬ್ಬರ ಹತ್ತಿರವೇ ಹೋದಳು. ನಲವತ್ತೈದು ವರ್ಷದ ಹಿಂದೆ ನಿಮ್ಮ ಮನೆಯಿಂದಲೋ ತವರಿನಿಂದಲೋ ತೂತಿದ್ದ ಒಂದು ಪುತಳಿ ಜೇವರ್ಗಿಯ ಪತ್ತಾರನ ಅಂಗಡಿಗೆ ಹೋಗಿತ್ತೇ ಎಂದು ಕೇಳಿದಳು. ಕೆಲವರು ಇಲ್ಲವೆಂದರು. ಕೆಲವರು ಇವಳಿಗೆ ಮರುಳೋ ಏನೋ ಎಂಬಂತೆ ನೋಡಿದರು. ಒಬ್ಬಳು ತನ್ನ ಮನೆಯಿಂದ ಬಂಗಾರ ಹೋಗುವಷ್ಟು ಯಾವಾಗ ಬಂದಿತ್ತು ಎಂದು ನಕ್ಕಳು.

ಸುಮಿತ್ರಾಬಾಯಿ ಎಂಬ ಆಳಂದದ ಮುದುಕಿ ಮಾತ್ರ ನಗಲಿಲ್ಲ. ಕಣ್ಣಿಗೆ ಪೊರೆ ಬಂದಿದ್ದವಳು ನಿಂಬೆವ್ವನ ಕೊರಳಿಗೆ ಕೈ ಹಾಕಿ ಪುತಳಿಯನ್ನು ಬೆರಳಿನಿಂದ ತಡವಿದಳು, ಮುಚ್ಚಿದ ತೂತಿನ ಮೇಲೆ ಬೆರಳನ್ನು ನಿಲ್ಲಿಸಿದಳು. ಏನಾದರೂ ಗುರುತು ಸಿಕ್ಕಿತೋ ಇಲ್ಲವೋ ಅವಳ ಮುಖದಿಂದ ತಿಳಿಯುವಂತಿರಲಿಲ್ಲ.

"ಹೆಸರೇನು ಆಕಿದು?" ಎಂದು ಕೇಳಿದಳು.

"ಅದನ್ನ ಕೇಳಾಕ ಬಂದೇನ್ರಿ" ಎಂದು ನಿಂಬೆವ್ವ ಅವಳ ಪಕ್ಕದಲ್ಲಿ ಕುಳಿತುಕೊಂಡಳು.